ಯಾರೂ ನೋಡದ ಹೊತ್ತಿನಲ್ಲಿ

ರಾಯಚೂರು ತಾಲ್ಲೂಕಿನಲ್ಲಿ ತೆಲಂಗಾಣದ ಗಡಿಗೆ ಹತ್ತಿರವಿರುವ ಹೋಬಳಿ ಯಾಪಲದಿನ್ನಿ. ಮಳೆ ಕೈಕೊಟ್ಟ ವರ್ಷ ಈ ಸೀಮೆಯಿಂದಲೂ ದೇವದುರ್ಗ, ಮಾನ್ವಿಯ ಹಳ್ಳಿಗಳಿಂದಲೂ ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಹೈದರಾಬಾದು, ಪುಣೆಯ ಕಟ್ಟಡದ ಕೆಲಸಕ್ಕೆ ಗಂಡ-ಹೆಂಡತಿ ಇಬ್ಬರೂ ಹೊರಟರೆ ಮನೆಗೆ ಬೀಗ ಬೀಳುತ್ತದೆ. ಒಳಗೆ ಜೋಳದ ಚೀಲ, ಒಲೆ, ಗೋಡೆಗೆ ಒರಗಿಸಿಟ್ಟ ಕುಂಟೆ. ತಿಂಗಳುಗಟ್ಟಲೆ ಆ ಕೋಣೆಯನ್ನು ಯಾರೂ ನೋಡುವುದಿಲ್ಲ. ಜೋಳಕ್ಕೆ ಹುಳ ಹಿಡಿದೀತೇ, ಮಾಳಿಗೆ ಸೋರೀತೇ ಎಂಬ ಚಿಂತೆ ಹೋದವರನ್ನು ಕಾಡುತ್ತದೆ. ನಾವು ನೋಡದಿರುವಾಗ ಜೋಳವೂ ಮಾಳಿಗೆಯೂ ಇರುತ್ತವೆಯೇ ಎಂಬ ಚಿಂತೆ ಮಾತ್ರ ಯಾರನ್ನೂ ಕಾಡುವುದಿಲ್ಲ. ಇಷ್ಟು ಗಟ್ಟಿಯಾದ ಈ ನಂಬಿಕೆ ಯಾವ ಆಧಾರದ ಮೇಲೆ ನಿಂತಿದೆ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಕಳೆದ ಹದಿನೈದು-ಹದಿನಾರು ಶತಮಾನಗಳಲ್ಲಿ ಭಾರತದ ಬೌದ್ಧರು, ನೈಯಾಯಿಕರು, ವೇದಾಂತಿಗಳು, ಆಮೇಲೆ ಯುರೋಪಿನವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ಅವರ ವಾದಗಳಲ್ಲಿ ಯಾವುದು ಎಷ್ಟು ಭಾರ ಹೊರಬಲ್ಲದು ಎಂದು ತೂಗಿ ನೋಡುವುದು ಇಲ್ಲಿನ ಉದ್ದೇಶ.

ಮೊದಲು ಪ್ರಶ್ನೆಯ ಎಲ್ಲೆ. ಎಂದೂ ಯಾರ ಕಣ್ಣಿಗೂ ಬೀಳದ ವಸ್ತುಗಳ ಮಾತು ಇದಲ್ಲ. ಮಾನ್ವಿಯಲ್ಲಿ ಹರಿದಾಸ ಜಗನ್ನಾಥದಾಸರ ಸನ್ನಿಧಾನ ಒಂದು ಕಲ್ಲುಕಂಬದಲ್ಲಿದೆ ಎಂದು ಭಕ್ತರು ನಂಬುತ್ತಾರೆ. ಆ ನಂಬಿಕೆಯ ದಾರಿ ಬೇರೆ, ಅದನ್ನು ಅಳೆಯುವ ಅಳತೆಯೂ ಬೇರೆ. ಇಲ್ಲಿ ಕೇಳುತ್ತಿರುವುದು ಆ ಕಂಬದ ಬಗ್ಗೆಯೇ. ಬೆಳಗಿನ ದರ್ಶನದಲ್ಲಿ ಕಂಡು, ಬಾಗಿಲು ಹಾಕಿದ ಮೇಲೆ ಕಾಣದೆ, ಮರುದಿನ ಮತ್ತೆ ಕಾಣುವ ಕಲ್ಲು ನಡುರಾತ್ರಿಯಲ್ಲಿ ಇತ್ತು ಎನ್ನಲು ಏನು ಕಾರಣ?

ಈ ಪ್ರಶ್ನೆಯನ್ನು ಅತ್ಯಂತ ಬಿಗಿಯಾಗಿ ಕೇಳಿದವನು ಡಬ್ಲ್ಯು. ಟಿ. ಸ್ಟೇಸ್. ಎರಡು ದಶಕ ಸಿಲೋನಿನಲ್ಲಿ ಆಡಳಿತಾಧಿಕಾರಿಯಾಗಿದ್ದು, ಬಳಿಕ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದವನು. 1934ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವನು ಮೂರು ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಾನೆ. ಕಾಣದ ವಸ್ತು ಇದೆ ಎಂದು ಪ್ರತ್ಯಕ್ಷದಿಂದ ತಿಳಿಯಲಾಗದು, ಏಕೆಂದರೆ ನೋಡಿದ ಕ್ಷಣದಲ್ಲೇ ಅದು ಕಂಡ ವಸ್ತುವಾಗುತ್ತದೆ. ಅನುಭವದಿಂದ ಮೇಲೇರುವ ಅನುಮಾನಕ್ಕೂ ದಾರಿಯಿಲ್ಲ: ಹೊಗೆಯನ್ನೂ ಬೆಂಕಿಯನ್ನೂ ಜೊತೆಯಾಗಿ ಕಂಡಿದ್ದರೆ ತಾನೇ ಹೊಗೆಯಿಂದ ಬೆಂಕಿಯನ್ನು ಊಹಿಸುವುದು? ಕಾಣದೆ ಇದ್ದ ವಸ್ತುವಿನ ಒಂದು ಉದಾಹರಣೆಯನ್ನೂ ಯಾರೂ ಕಂಡಿಲ್ಲ. ಶುದ್ಧ ತರ್ಕವೂ ನೆರವಾಗದು, ಏಕೆಂದರೆ ಕಾಣದಾಗ ವಸ್ತು ಇಲ್ಲವಾಗುತ್ತದೆ ಎಂಬ ಮಾತಿನಲ್ಲಿ ವಿರೋಧಾಭಾಸವೇನೂ ಇಲ್ಲ. ವಸ್ತು ಇಲ್ಲವಾಗುತ್ತದೆ ಎಂದು ಸ್ಟೇಸ್ ಸಾಧಿಸಲಿಲ್ಲ. ಇರುತ್ತದೆ ಎನ್ನಲು ನಮ್ಮ ಬಳಿ ಕಾರಣವೇ ಇಲ್ಲ ಎಂದ. ಈ ಸವಾಲನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಲ್ಲಿಗೆ ಕಾಲು ತಾಗಿಸಿ ತೋರಿಸಿದರೂ ಅದು ತಾಗಿದ ಕಲ್ಲೇ ಆಗುತ್ತದೆ.

ಸ್ಟೇಸ್‌ಗಿಂತ ಸುಮಾರು 950 ವರ್ಷ ಮೊದಲೇ ಮಿಥಿಲೆಯ ಉದಯನಾಚಾರ್ಯರು ಈ ಸವಾಲಿಗೆ ಹತ್ತಿರದ ನೆಂಟನಂಥ ಇನ್ನೊಂದು ಸವಾಲನ್ನು ಎದುರಿಸಿದ್ದರು. ಅವರು ಹತ್ತನೇ ಶತಮಾನದ ಕೊನೆಯ ಭಾಗದಲ್ಲಿದ್ದವರು. ‘ನ್ಯಾಯಕುಸುಮಾಂಜಲಿ’ಯ ಮೂರನೇ ಸ್ತಬಕದಲ್ಲಿ ಚಾರ್ವಾಕನೊಡನೆ ವಾದ ನಡೆಯುತ್ತದೆ. ಕಾಣದ್ದು ಇಲ್ಲ ಎಂಬುದು ಚಾರ್ವಾಕನ ಪಕ್ಷ. ಹಾಗಾದರೆ ನೀನು ಮನೆಯಿಂದ ಹೊರಬಿದ್ದ ಕೂಡಲೇ ಹೆಂಡತಿ-ಮಕ್ಕಳು ಕಾಣುವುದಿಲ್ಲವಲ್ಲ, ಅವರು ಇಲ್ಲವೆಂದು ನಿಶ್ಚಯಿಸಿ ಎದೆ ಬಡಿದುಕೊಂಡು ಅಳಬೇಕು, ಮನೆಗೆ ಮರಳಲೂಬಾರದು ಎನ್ನುತ್ತಾರೆ ಉದಯನರು. ಗುಳೆ ಹೋಗಿ, ಅಜ್ಜಿಯ ಬಳಿ ಮಕ್ಕಳನ್ನು ಬಿಟ್ಟುಬಂದ ತಾಯಿಯ ನಾಡಿನಲ್ಲಿ ಈ ಮಾತನ್ನು ಓದಿದಾಗ ಅದು ಬರಿಯ ತರ್ಕದ ಚಮತ್ಕಾರವಾಗಿ ಉಳಿಯುವುದಿಲ್ಲ. ಆಕೆಯ ದುಡಿಮೆ, ಊರಿಗೆ ಕಳಿಸುವ ಹಣ, ರಾತ್ರಿ ಮಾಡುವ ಫೋನು ಎಲ್ಲವೂ ಈಗ ಕಣ್ಣಿಗೆ ಕಾಣದ ಮಕ್ಕಳು ಈಗಲೂ ಇದ್ದಾರೆ ಎಂಬುದರ ಮೇಲೆ ನಿಂತಿವೆ.

ಉದಯನರ ಎರಡನೇ ಪೆಟ್ಟು ಇನ್ನೂ ಆಳದ್ದು. ಕಾಣದಿರುವುದೇ ಇಲ್ಲದಿರುವುದಕ್ಕೆ ಸಾಕ್ಷಿಯಾದರೆ, ನೋಡುವ ಇಂದ್ರಿಯವೇ ಮೊದಲು ಇಲ್ಲವಾಗುತ್ತದೆ. ನ್ಯಾಯದರ್ಶನದ ಪ್ರಕಾರ ಕಣ್ಣೆಂಬ ಇಂದ್ರಿಯ ತನಗೆ ತಾನು ಕಾಣುವುದಿಲ್ಲ; ಕಾಣದ್ದು ಇಲ್ಲವೆಂದರೆ ಇಂದ್ರಿಯವಿಲ್ಲ, ಇಂದ್ರಿಯವಿಲ್ಲದೆ ಪ್ರತ್ಯಕ್ಷವಿಲ್ಲ. ಪ್ರತ್ಯಕ್ಷವೊಂದನ್ನೇ ನಂಬುತ್ತೇನೆ ಎಂದವನ ಕೈಯಿಂದ ಪ್ರತ್ಯಕ್ಷವೂ ಜಾರಿಹೋಗುತ್ತದೆ. ಕಂಡದ್ದನ್ನು ಉಳಿಸಿಕೊಳ್ಳಬೇಕಾದರೆ ಕಾಣದ್ದನ್ನು ಒಪ್ಪಬೇಕು. ಈ ಚರ್ಚೆಯ ಜೀವ ಇದರಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಮುಂದೆ ಬರುವ ವಾದಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡುತ್ತೇನೆ.

ಆದರೆ ಸ್ಟೇಸ್ ಚಾರ್ವಾಕನಿಗಿಂತ ಎಚ್ಚರದವನು. ಕಾಣದ್ದು ಇಲ್ಲ ಎಂದು ಅವನು ಹೇಳಲೇ ಇಲ್ಲವಾದ್ದರಿಂದ ಉದಯನರ ಮೊದಲ ಪೆಟ್ಟು ಅವನಿಗೆ ಪೂರ್ತಿ ತಾಗದು. ಇಲ್ಲಿ ನಮ್ಮ ದರ್ಶನಗಳ ಇನ್ನೊಂದು ವಿಚಾರ ಕೆಲಸಕ್ಕೆ ಬರುತ್ತದೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನು, ಒಂದು ಪ್ರಮಾಣವೆಂದೇ ಎಣಿಸಿದರು. ಅದಕ್ಕೆ ಒಂದು ಷರತ್ತು ಹಾಕಿದರು: ವಸ್ತು ಇದ್ದಿದ್ದರೆ ಕಾಣಲೇಬೇಕಾದ ಸನ್ನಿವೇಶವಿರಬೇಕು. ಬೆಳಕಿರುವ ಕೋಣೆಯಲ್ಲಿ ಕಣ್ಣು ತೆರೆದು ನೋಡಿ ಚೀಲ ಕಾಣದಿದ್ದರೆ ಚೀಲವಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಸಾಂಖ್ಯಕಾರಿಕೆಯಂತೂ ಇರುವ ವಸ್ತು ಕಾಣದಿರಲು ಎಂಟು ಕಾರಣಗಳನ್ನು ಎಣಿಸುತ್ತದೆ. ತೀರಾ ದೂರವಿದ್ದರೂ ಕಾಣದು, ಕಣ್ಣಿಗೆ ಹಚ್ಚಿದ ಕಾಡಿಗೆಯಂತೆ ತೀರಾ ಹತ್ತಿರವಿದ್ದರೂ ಕಾಣದು. ಇಂದ್ರಿಯ ಊನವಾಗಿರಬಹುದು, ಮನಸ್ಸು ಬೇರೆಲ್ಲೋ ಇರಬಹುದು. ವಸ್ತು ತೀರಾ ಸೂಕ್ಷ್ಮವಾಗಿರಬಹುದು, ನಡುವೆ ಗೋಡೆ ಇರಬಹುದು. ಹಗಲಿನ ನಕ್ಷತ್ರದಂತೆ ಹೆಚ್ಚಿನ ಬೆಳಕಿಗೆ ಸೋತಿರಬಹುದು. ಮಾನ್ವಿಯ ಕಣದಲ್ಲಿ ರಾಶಿಗೆ ಸುರಿದ ಒಂದು ಹಿಡಿ ಭತ್ತದಂತೆ ತನ್ನಂಥವುಗಳಲ್ಲಿ ಬೆರೆತುಹೋಗಿರಬಹುದು. ಈ ಎಂಟೂ ನೋಡುವವನ, ಅಥವಾ ನೋಟದ ದಾರಿಯ, ಸಂಗತಿಗಳು. ಕಾಣುವಿಕೆ ನಿಂತುಹೋದದ್ದಕ್ಕೆ ಕಾರಣ ಹೊರಟುಹೋದ ನಮ್ಮಲ್ಲಿ ಸಿಗುತ್ತದೆ. ಅದನ್ನು ಜೋಳದ ಚೀಲದಲ್ಲಿ ಹುಡುಕಬೇಕಾಗಿಲ್ಲ. ನಾನು ಕಣ್ಣು ಮುಚ್ಚಿದ್ದರಿಂದ ಚೀಲಕ್ಕೆ ಏನೋ ಆಯಿತು ಎನ್ನುವವನೇ ಒಂದು ಹೊಸ ಕಾರಣವನ್ನು ಕಲ್ಪಿಸುತ್ತಿದ್ದಾನೆ. ಹಾಗಾಗಿ ಸಾಧಿಸುವ ಹೊಣೆಯಲ್ಲಿ ಒಂದು ಪಾಲಾದರೂ ಅವನ ಹೆಗಲಿಗೆ ಬೀಳುತ್ತದೆ.

ಇನ್ನು ಬೌದ್ಧರ ವಾದ. ಈ ಚರ್ಚೆಯಲ್ಲಿ ಎದುರಾಳಿಗಳ ಪೈಕಿ ಅತ್ಯಂತ ಬಲಶಾಲಿಗಳು, ಅರಿವಿನ ಹೊರಗೆ ವಸ್ತುವೇ ಇಲ್ಲ ಎನ್ನುವ ಯೋಗಾಚಾರ ಪಂಥದವರು. ವಸುಬಂಧುವಿನ ‘ವಿಂಶತಿಕಾ’ ಕೇವಲ ಇಪ್ಪತ್ತರಷ್ಟು ಶ್ಲೋಕಗಳ ಗ್ರಂಥ. ಹೊರಗೆ ವಸ್ತುವಿಲ್ಲದಿದ್ದರೆ ಇದೇ ಜಾಗದಲ್ಲಿ, ಇದೇ ಹೊತ್ತಿನಲ್ಲಿ ಏಕೆ ಕಾಣಬೇಕು, ಎಲ್ಲರಿಗೂ ಏಕೆ ಕಾಣಬೇಕು, ಕಂಡದ್ದು ಕೆಲಸ ಹೇಗೆ ಮಾಡೀತು ಎಂಬ ಆಕ್ಷೇಪಗಳನ್ನು ವಸುಬಂಧು ತಾನೇ ಎತ್ತುತ್ತಾನೆ. ಕನಸಿನಲ್ಲೂ ಜಾಗ-ಹೊತ್ತುಗಳಿವೆ, ಪ್ರೇತಗಳೆಲ್ಲ ಒಟ್ಟಾಗಿ ನದಿಯನ್ನು ಕೀವಿನ ಹೊಳೆಯಾಗಿ ಕಾಣುತ್ತವೆ ಎಂದು ಉತ್ತರಿಸುತ್ತಾನೆ. ಏಳನೇ ಶತಮಾನದ ಧರ್ಮಕೀರ್ತಿ ಇದಕ್ಕೆ ಇನ್ನಷ್ಟು ಹರಿತ ಕೊಟ್ಟ: ನೀಲಿಯೂ ನೀಲಿಯ ಅರಿವೂ ಯಾವಾಗಲೂ ಜೊತೆಯಾಗಿಯೇ ಸಿಗುತ್ತವೆ, ಬಿಡಿಯಾಗಿ ಎಂದೂ ಸಿಗವು, ಆದ್ದರಿಂದ ಅವೆರಡೂ ಬೇರೆಯಲ್ಲ. ಸುಮಾರು ಸಾವಿರ ವರ್ಷದ ಬಳಿಕ, 1710ರಲ್ಲಿ, ಐರ್ಲೆಂಡಿನ ಬರ್ಕ್ಲಿ ಬೇರೆ ದಾರಿಯಿಂದ ನಡೆದು ಇದೇ ಜಾಗಕ್ಕೆ ಬಂದ. ಯಾರೂ ಯೋಚಿಸದ ಮರವನ್ನು ಯೋಚಿಸಿ ತೋರಿಸಿ ನೋಡೋಣ ಎಂಬುದು ಅವನ ಸವಾಲು. 1910ರಲ್ಲಿ ಅಮೆರಿಕದ ಆರ್. ಬಿ. ಪೆರಿ ಇಂಥ ವಾದಗಳ ದೋಷವನ್ನು ಸರಿಯಾಗಿ ಗುರುತಿಸಿದ. ಅರಿವಿಲ್ಲದೆ ಏನನ್ನೂ ಅರಿಯಲಾಗದು ಎಂಬುದು ಅರಿಯುವವನ ಪಾಡು. ಅದರಿಂದ ವಸ್ತುವಿನ ಸ್ವರೂಪದ ಬಗ್ಗೆ ಏನೂ ಹೊರಡುವುದಿಲ್ಲ. ಬೆಳಕಿಲ್ಲದೆ ಬಣ್ಣ ಕಾಣದು ಎಂದ ಮಾತ್ರಕ್ಕೆ ಬೆಳಕೇ ಬಣ್ಣದ ಬಟ್ಟೆಯಾಗುವುದಿಲ್ಲ.

ಧರ್ಮಕೀರ್ತಿಯ ಪಂಥಕ್ಕೆ ಶಂಕರಾಚಾರ್ಯರು ಕೊಟ್ಟ ಉತ್ತರ ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಎರಡನೇ ಪಾದದ ಭಾಷ್ಯದಲ್ಲಿದೆ. ಅದ್ವೈತವೆಂದರೆ ಜಗತ್ತನ್ನು ಬರಿಯ ಮನಸ್ಸಿನ ಆಟ ಎನ್ನುವ ಮತ ಎಂದು ತಿಳಿದವರು ಈ ಭಾಗವನ್ನು ಓದಲೇಬೇಕು. ಕಂಬವನ್ನು ನೋಡುವವನು ತನ್ನ ಅರಿವನ್ನೇ ಕಂಬವೆಂದು ನೋಡುವುದಿಲ್ಲ. ಅರಿವಿಗೆ ವಿಷಯವಾದ ಕಂಬವನ್ನು ನೋಡುತ್ತಾನೆ ಎನ್ನುತ್ತಾರೆ ಶಂಕರರು. ಕಾಣುವುದನ್ನೇ ಇಲ್ಲವೆನ್ನುವುದು ಹೊಟ್ಟೆ ತುಂಬ ಉಣ್ಣುತ್ತಾ ನಾನು ಉಣ್ಣುತ್ತಿಲ್ಲ ಎಂದು ಹೇಳಿದಂತೆ. ಕನಸಿನ ಹೋಲಿಕೆಯನ್ನೂ ಅವರು ಒಪ್ಪುವುದಿಲ್ಲ. ಕನಸು ಎಚ್ಚರದಲ್ಲಿ ಬಾಧಿತವಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬ ಹಾಗೆ ಬಾಧಿತವಾಗುವುದಿಲ್ಲ. ಪರಮಾರ್ಥದ ಮಾತು ಬೇರೆ. ವ್ಯವಹಾರದಲ್ಲಿ ಶಂಕರರು ಗಟ್ಟಿ ವಾಸ್ತವವಾದಿ. ಅವರ ಹಿಂಬಾಲಕರಲ್ಲೇ ಪ್ರಕಾಶಾನಂದರಂಥವರು ದೃಷ್ಟಿಯೇ ಸೃಷ್ಟಿ, ಕಂಡಷ್ಟು ಹೊತ್ತು ಮಾತ್ರ ವಸ್ತು ಎಂಬ ಮತಕ್ಕೆ ಹೋದರು ಎಂಬುದೂ ನಿಜ.

ಶಂಕರರ ಮಾತಿನಲ್ಲಿ ಒಂದು ಮುಖ್ಯ ಹೊಳಹು ಇದೆ. ಕಂಬ ಕಾಣುವಾಗಲೇ ಅದು ನನ್ನ ನೋಟದಿಂದ ಹುಟ್ಟಿದ್ದಲ್ಲ ಎಂಬಂತೆ ಕಾಣುತ್ತದೆ. ನನಗೆ ಕಾಣುವುದು ಒಂದು ಬದಿ ಮಾತ್ರ, ಆದರೂ ನಾನು ಕಾಣುವುದು ಹಿಂಬದಿಯೂ ಇರುವ ಕಂಬವನ್ನು. ಕಾಣದ ಹಿಂಬದಿ ಆ ನೋಟದೊಳಗೇ ಸೇರಿಕೊಂಡಿದೆ. ಅದನ್ನು ಕಿತ್ತುಹಾಕಿದರೆ ಉಳಿಯುವುದು ಒಂದು ಬಣ್ಣದ ತೇಪೆ, ಕಂಬವಲ್ಲ. ಉದಯನರು ಇಂದ್ರಿಯದ ಬಗ್ಗೆ ಹೇಳಿದ್ದು ವಸ್ತುವಿಗೂ ಹೀಗೆ ಅನ್ವಯಿಸುತ್ತದೆ.

ಈಗ ರಾಯಚೂರಿನ ಸ್ವಂತ ಪರಂಪರೆ. ಜಗತ್ತು ಸತ್ಯ ಎಂಬ ಸಿದ್ಧಾಂತವನ್ನು ಹಾಡಾಗಿಸಿ ಮನೆಮನೆಯ ಜಗಲಿಗೆ ತಂದವರು ಈ ಜಿಲ್ಲೆಯಲ್ಲಿ ಹುಟ್ಟಿದರು. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿಯ ಬ್ಯಾಗವಾಟದವರು. ಹದಿನೆಂಟನೇ ಶತಮಾನದಲ್ಲಿ ಈ ಮೂವರಿಂದ ದಾಸಸಾಹಿತ್ಯಕ್ಕೆ ಎರಡನೇ ಹುಟ್ಟು ಬಂತು. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ದೇವರು, ಜೀವ, ಜಡ ಇವುಗಳ ನಡುವಿನ ಐದು ಬಗೆಯ ಭೇದಗಳೂ ನಿಜ ಎಂಬ ಮಧ್ವಸಿದ್ಧಾಂತವನ್ನು ಕನ್ನಡದ ಕಿವಿಗೆ ಇಳಿಸುತ್ತದೆ. ಜಡಕ್ಕೂ ಜೀವಕ್ಕೂ ಇರುವ ಭೇದ ನಿಜವಾದರೆ ಜೋಳದ ಚೀಲ ನನ್ನ ಅರಿವಿನ ಒಂದು ತುಣುಕಾಗಲು ಸಾಧ್ಯವಿಲ್ಲ. ಇದರ ಹಿಂದೆ ದೊಡ್ಡ ತರ್ಕದ ಕೋಟೆಯೇ ಇದೆ. ಜಯತೀರ್ಥರ ‘ನ್ಯಾಯಸುಧಾ’ ಯರಗೋಳದ ಗುಹೆಯಲ್ಲಿ ರಚಿತವಾಯಿತೆಂದು ಪ್ರತೀತಿ. ವಿಜಯನಗರದ ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ದೃಷ್ಟಿಸೃಷ್ಟಿವಾದವನ್ನೇ ಬೇರೆಯಾಗಿ ತೆಗೆದುಕೊಂಡು ಖಂಡಿಸಿದರು. ನಿನ್ನೆ ಕಂಡದ್ದು ಇದೇ ಎಂಬ ಪ್ರತ್ಯಭಿಜ್ಞೆಗೆ ಆ ವಾದ ವಿರುದ್ಧವಾಗಿದೆ ಎಂಬುದು ಖಂಡನೆಯ ಒಂದು ತುದಿ. ಪ್ರತ್ಯಭಿಜ್ಞೆಯೊಂದನ್ನೇ ನೆಚ್ಚಿದರೆ ಸಾಲದು ಎಂದು ನನಗೆ ಅನ್ನಿಸುತ್ತದೆ. ದೀಪದ ಕುಡಿಯೂ ಅದೇ ಎಂದು ತೋರುತ್ತದೆ, ಆದರೆ ಕ್ಷಣಕ್ಷಣಕ್ಕೂ ಹೊಸದಾಗಿರುತ್ತದೆ ಎಂದು ಬೌದ್ಧರು ಕೇಳಿದರೆ, ಗುರುತು ಹಿಡಿದೆನೆಂಬ ಭಾವ ಉತ್ತರವಾಗದು. ಬೇರೆ ಕಡೆಯಿಂದ ಬಲ ಬರಬೇಕು.

ಆ ಬಲವನ್ನು ದೇವರಿಂದ ತರುವ ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮಧ್ವರ ದ್ವೈತದ ಸ್ವಂತಿಕೆ ಎದ್ದು ಕಾಣುತ್ತದೆ. ಬರ್ಕ್ಲಿಯ ಪ್ರಕಾರ ಯಾವ ಮನುಷ್ಯನೂ ನೋಡದ ಹೊತ್ತಿನಲ್ಲಿ ದೇವರು ನೋಡುತ್ತಾನೆ, ಅದರಿಂದ ಮರ ಉಳಿಯುತ್ತದೆ. ಆ ನೋಟವೇ ಮರದ ಇರವು. ಮಧ್ವರೂ ಭಗವಂತನ ಅರಿವನ್ನು ತರುತ್ತಾರೆ, ಆದರೆ ದಿಕ್ಕು ಬೇರೆ. ಭಗವಂತ ಜಗತ್ತನ್ನು ಅರಿತಿದ್ದಾನೆ, ಅದನ್ನು ಕಾಪಾಡುತ್ತಾನೆ, ಅವನಿಗೆ ಭ್ರಾಂತಿಯಿಲ್ಲ. ಆದ್ದರಿಂದ ಜಗತ್ತು ಭ್ರಾಂತಿಯಲ್ಲ. ಇರುವುದನ್ನು ಇರುವಂತೆ ಅರಿಯುವುದೇ ಪ್ರಮಾಣ ಎಂಬ ಮಧ್ವರ ಲಕ್ಷಣಕ್ಕೆ ಭಗವಂತನ ಅರಿವೂ ಹೊರತಲ್ಲ. ಜಡವಸ್ತು ಭಗವಂತನಿಗೆ ಅಧೀನ, ಆದರೂ ಯಾರ ಕನಸೂ ಅಲ್ಲ. ದೇವರನ್ನು ನಂಬುವವನಿಗೆ ಬರ್ಕ್ಲಿಗಿಂತ ಈ ದಾರಿ ಗಟ್ಟಿ ಎಂದೇ ನನ್ನ ತೀರ್ಪು. ನಂಬದವನಿಗೆ ಎರಡೂ ದಾರಿ ತೆರೆಯುವುದಿಲ್ಲ.

ಮಧ್ವರಲ್ಲಿ ಎಲ್ಲರಿಗೂ ಕೆಲಸಕ್ಕೆ ಬರುವ ಇನ್ನೊಂದು ವಿಚಾರ ಸಾಕ್ಷಿ. ಇಂದ್ರಿಯಗಳು ತಂದ ಸುದ್ದಿಯನ್ನು ಪರೀಕ್ಷಿಸುವ, ಎಂದೂ ತಪ್ಪದ ಒಳಗಣ್ಣು ಅದು. ಕಾಲ ನೇರವಾಗಿ ಸಾಕ್ಷಿಗೆ ಗೋಚರ ಎನ್ನುತ್ತಾರೆ ಮಧ್ವರು. ಗಾಢನಿದ್ದೆಯಲ್ಲಿ ಹೊರಗಿನದೇನೂ ತೋರದಿದ್ದರೂ, ಎದ್ದವನು ಇಷ್ಟು ಹೊತ್ತು ಮಲಗಿದ್ದೆ ಎನ್ನುತ್ತಾನಲ್ಲ. ಅಂದರೆ ನೋಟ ಕಡಿದರೂ ಕಾಲ ಕಡಿಯುವುದಿಲ್ಲ. ಈ ಒಂದು ಎಳೆ ಇಲ್ಲದಿದ್ದರೆ ನಡುವಿನ ಹೊತ್ತು ಎಂಬ ಮಾತೇ ಹುಟ್ಟದು, ಪ್ರಶ್ನೆಯನ್ನು ಕೇಳಲೂ ಆಗದು. ಆದರೆ ಸಾಕ್ಷಿ ಅವರವರದು. ನನ್ನ ನಿದ್ದೆಯ ಅವಧಿಗೆ ಅದು ಸಾಕ್ಷಿ ಹೇಳೀತು. ಆ ಅವಧಿಯಲ್ಲಿ ಬೀಗ ಹಾಕಿದ ಕೋಣೆಯಲ್ಲಿ ಏನಿತ್ತು ಎಂಬುದಕ್ಕಲ್ಲ.

ಅದಕ್ಕೆ ತುಂಗಭದ್ರೆಯ ಕಾಲುವೆಯ ಬಳಿಗೆ ಹೋಗಬೇಕು, ಆದರೆ ಮೊದಲು ಹ್ಯೂಮನ ಮಾತು. 1739ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ಕಾಟ್ಲೆಂಡಿನ ಹ್ಯೂಮ್ ಈ ನಂಬಿಕೆಯ ಎರಡು ಬೇರುಗಳನ್ನು ಗುರುತಿಸಿದ. ಬೆಟ್ಟ, ಮನೆ, ಮರಗಳು ಮತ್ತೆ ನೋಡಿದಾಗ ಹಾಗೆಯೇ ಕಾಣುತ್ತವೆ ಎಂಬುದು ಒಂದು. ಬದಲಾದರೂ ಒಂದು ಕ್ರಮದಲ್ಲಿ ಬದಲಾಗಿರುತ್ತವೆ ಎಂಬುದು ಇನ್ನೊಂದು. ಒಂದು ಗಂಟೆ ಬಿಟ್ಟು ಬಂದರೆ ಒಲೆಯ ಬೆಂಕಿ ಎಷ್ಟು ಇಳಿದಿರಬೇಕೋ ಅಷ್ಟು ಇಳಿದಿರುತ್ತದೆ. ಹ್ಯೂಮನ ಮಟ್ಟಿಗೆ ಇದು ಕಲ್ಪನೆಯ ಚಾಳಿ, ಕಾರಣವಲ್ಲ. ಕಂಡ ಕ್ರಮಕ್ಕಿಂತ ದೊಡ್ಡ ಕ್ರಮವನ್ನು ನಾವು ಸೇರಿಸುತ್ತಿದ್ದೇವೆ ಎಂದ. ಇಲ್ಲಿ ಹ್ಯೂಮ್ ಅರ್ಧದಾರಿಯಲ್ಲಿ ನಿಂತ.

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಹೊರಟು ಸುಮಾರು 227 ಕಿಲೋಮೀಟರ್ ಹರಿದು ರಾಯಚೂರು ಸೀಮೆಗೆ ಬರುತ್ತದೆ. ಕೊನೆ ಭಾಗದ ರೈತರು ಗೇಜಿನ ಲೆಕ್ಕದಲ್ಲೇ ಮಾತಾಡುತ್ತಾರೆ: 69ನೇ ಮೈಲಿಯಲ್ಲಿ ಎಷ್ಟು ಅಡಿ, 104ನೇ ಮೈಲಿಯಲ್ಲಿ ಎಷ್ಟು ಅಡಿ. ಈ ಎರಡು ಗೇಜುಗಳ ನಡುವೆ ರಾತ್ರಿ ಹೊತ್ತು ನೀರನ್ನು ನೋಡುತ್ತಾ ಕೂತವರು ಯಾರೂ ಇರದ ಮೈಲಿಗಳೇ ಹೆಚ್ಚು. ಈಗ ಸ್ಟೇಸ್ ಹೇಳಿದಂತೆ ಕಂಡದ್ದನ್ನು ಮಾತ್ರ ಇಟ್ಟುಕೊಂಡು ಒಂದು ನಿಯಮ ಬರೆಯಲು ನೋಡೋಣ. ಮೇಲಿನ ಗೇಜಿನಲ್ಲಿ ಇಷ್ಟು ಅಡಿ ಕಂಡರೆ, ಇಷ್ಟು ಹೊತ್ತಿನ ಬಳಿಕ ಕೆಳಗಿನ ಗೇಜಿನಲ್ಲಿ ಇಷ್ಟು ಅಡಿ ಕಾಣುತ್ತದೆ. ಇದು ನಿಲ್ಲದು. ಕೆಲವೊಮ್ಮೆ ಕೆಳಗೆ ಯಾರೂ ನೋಡಿರುವುದಿಲ್ಲ. ಕೆಲವೊಮ್ಮೆ ನೋಡಿದರೂ ನೀರು ಕಡಿಮೆ, ಏಕೆಂದರೆ ನಡುವೆ ಎಲ್ಲೋ ಪಂಪುಸೆಟ್ಟು ಇಟ್ಟು ಎತ್ತಿದ್ದಾರೆ, ಎಲ್ಲೋ ದಂಡೆ ಬಿರಿದು ಬಸಿದಿದೆ. ಕಂಡವುಗಳ ನಡುವೆ ಮಾತ್ರ ಹೊಲಿದ ನಿಯಮ ತೂತುಗಳಿಂದಲೇ ತುಂಬಿರುತ್ತದೆ. ಕಾಣದ ಮೈಲಿಗಳಲ್ಲಿ ಹರಿದ ನೀರು, ಬಸಿದ ನೀರು, ಕದ್ದ ನೀರು ಇವನ್ನು ಸೇರಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ.

ಸ್ಟೇಸ್‌ಗೆ ಉತ್ತರ ಇಲ್ಲಿದೆ ಎಂದು ನಾನು ದೃಢವಾಗಿ ಹೇಳುತ್ತೇನೆ. ಕಂಡದ್ದರಲ್ಲಿ ನಿಯಮ ಮೊದಲೇ ಸಿದ್ಧವಾಗಿದೆ, ಅದನ್ನು ನಾವು ಕಾಣದ್ದಕ್ಕೆ ವಿಸ್ತರಿಸುತ್ತೇವೆ ಎಂದು ಅವನು ಎಣಿಸಿದ. ನಿಜವಾಗಿ, ಕಾಣದ್ದನ್ನು ಸೇರಿಸದೆ ಕಂಡದ್ದರಲ್ಲಿ ನಿಯಮವೇ ಇಲ್ಲ. ಹೊಗೆ-ಬೆಂಕಿಯ ವ್ಯಾಪ್ತಿಯೂ, ಅಂದರೆ ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ ಎಂಬ ನಿಯಮವೂ, ಹಾಗೆಯೇ. ಬೆಂಕಿ ಕಾಣದೆ ಬರಿಯ ಹೊಗೆಯನ್ನು ನಾವು ಎಷ್ಟು ಬಾರಿ ಕಂಡಿಲ್ಲ? ಬರಿಯ ನೋಟಗಳ ಲೆಕ್ಕದಲ್ಲಿ ಆ ವ್ಯಾಪ್ತಿ ಎಂದೋ ಮುರಿದುಬಿದ್ದಿರುತ್ತಿತ್ತು. ಬೆಂಕಿ ಗುಡ್ಡದ ಆಚೆ ಇದೆ, ಕಾಣುತ್ತಿಲ್ಲ ಎಂದು ಒಪ್ಪಿದ್ದರಿಂದಲೇ ಅದು ಉಳಿದಿದೆ. ಅನುಮಾನ ಎಂಬ ಪ್ರಮಾಣವನ್ನೇ ಕೈಬಿಡಲು ಸಿದ್ಧನಾದವನಿಗೆ ಮಾತ್ರ ಸ್ಟೇಸ್‌ನ ಸಂಶಯದ ದಾರಿ ತೆರೆದಿದೆ. ಅಂಥವನಿಗೆ ನಾಳೆಯ ಬಗ್ಗೆಯೂ ಇನ್ನೊಬ್ಬರ ಮನಸ್ಸಿನ ಬಗ್ಗೆಯೂ ಏನನ್ನೂ ಹೇಳಲು ಬರುವುದಿಲ್ಲ. ಕೊನೆ ಭಾಗದ ರೈತನ ದೂರಿಗೆ ಅರ್ಥ ಬರುವುದೂ ಹೀಗೆ. ರಾತ್ರಿ ಯಾರೂ ನೋಡದಾಗ ತನ್ನ ಪಾಲಿನ ನೀರು ಮೇಲೆಲ್ಲೋ ಇತ್ತು, ಅಲ್ಲಿಂದ ಹೋಯಿತು ಎಂಬುದೇ ಆ ದೂರು.

1912ರಲ್ಲಿ ರಸೆಲ್ ಇದರ ಒಂದು ಸರಳ ರೂಪವನ್ನು ಬೆಕ್ಕಿನಿಂದ ತೋರಿಸಿದ. ಕೋಣೆಯ ಒಂದು ಮೂಲೆಯಲ್ಲಿ ಕಂಡ ಬೆಕ್ಕು ಆಮೇಲೆ ಇನ್ನೊಂದು ಮೂಲೆಯಲ್ಲಿ ಕಂಡರೆ ನಡುವಿನ ಜಾಗವನ್ನು ದಾಟಿರಬೇಕು. ಕಾಣದಿದ್ದ ಹೊತ್ತಿನಲ್ಲಿ ಅದು ಇರದಿದ್ದರೆ ಅದಕ್ಕೆ ಹಸಿವು ಹೆಚ್ಚಾದದ್ದು ಹೇಗೆ? ಚೆನ್ನಾದ ವಾದ. ಆದರೆ ರಸೆಲ್ ಇದನ್ನು ಹೆಚ್ಚು ಸರಳವಾದ ಊಹೆ ಎಂದಷ್ಟೇ ಮುಂದಿಟ್ಟ. ಸರಳತೆಗಿಂತ ಬಲವಾದದ್ದು ಇಲ್ಲಿದೆ ಎಂದು ಕಾಲುವೆ ತೋರಿಸುತ್ತದೆ.

ಹ್ಯೂಮ್ ಮತ್ತು ರಸೆಲ್ ನಡುವಿನ ಜಾನ್ ಸ್ಟುವರ್ಟ್ ಮಿಲ್‌ನನ್ನು ಮಸ್ಕಿಗೆ ಕರೆದೊಯ್ಯಬೇಕು. ವಸ್ತುವೆಂದರೆ ಕಾಣಬಹುದಾದ ಶಾಶ್ವತ ಸಾಧ್ಯತೆ ಎಂದ ಮಿಲ್ 1865ರಲ್ಲಿ. ಕಾಣದಾಗ ಚೀಲ ಇದೆ ಎಂದರೆ, ಯಾರಾದರೂ ಹೋಗಿ ನೋಡಿದ್ದರೆ ಕಾಣುತ್ತಿತ್ತು ಎಂದಷ್ಟೇ ಅರ್ಥ. ಇದು ಬಹಳ ಜನರನ್ನು ಒಲಿಸಿದ ಉತ್ತರ. ಮಸ್ಕಿಯ ಬಂಡೆಯ ಮುಂದೆ ಅದು ನಿಲ್ಲುವುದಿಲ್ಲ. ಕ್ರಿ.ಪೂ. ಮೂರನೇ ಶತಮಾನದಲ್ಲಿ ಅಲ್ಲಿ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಒಂದು ಶಾಸನ ಕೊರೆದರು. ಲಿಪಿಯನ್ನು ಓದುವವರೇ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದಾಗಲೂ ಈ ಬಂಡೆ ವಿದ್ವಾಂಸರಿಗೆ ಗೊತ್ತಿರಲಿಲ್ಲ. 1915ರಲ್ಲಿ ಚಿನ್ನದ ಗಣಿ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಈ ಬಂಡೆಯಲ್ಲಿ.

ಎರಡು ಸಾವಿರ ವರ್ಷಗಳಲ್ಲಿ ಎಷ್ಟೋ ಜನ ಆ ಬಂಡೆಯನ್ನು ನೋಡಿರಬಹುದು. ಆದರೆ ಯಾರೂ ನೋಡದ ರಾತ್ರಿಗಳೂ ಮಳೆಗಾಲಗಳೂ ಅದಕ್ಕಿಂತ ಎಷ್ಟೋ ಹೆಚ್ಚು. ಆ ರಾತ್ರಿಗಳ ಮಳೆ ಅಕ್ಷರದ ಗೀರಿನೊಳಗೆ ಹರಿಯಿತು, ಬಿಸಿಲು ಕಲ್ಲನ್ನು ಹಿಗ್ಗಿಸಿತು, ಚಳಿ ಕುಗ್ಗಿಸಿತು, ಕಲ್ಲು ಸವೆಯಿತು. ಯಾರಾದರೂ ನೋಡಿದ್ದರೆ ಕಾಣುತ್ತಿತ್ತು ಎಂಬ ಸಾಧ್ಯತೆಯ ಮೇಲೆ ಮಳೆ ಬೀಳುವುದಿಲ್ಲ. ಸಾಧ್ಯತೆ ಸವೆಯುವುದಿಲ್ಲ. ಸವೆತಕ್ಕೆ ಇದ್ದ ಕಲ್ಲು ಬೇಕು. ನೋಡಿದ್ದರೆ ಕಾಣುತ್ತಿತ್ತು ಎಂಬ ಮಾತು ನಿಜವೇ; ಆದರೆ ಅದನ್ನು ನಿಜ ಮಾಡಿದ್ದು ಅಲ್ಲಿದ್ದ ಗೀರು. ಮಿಲ್ ಫಲವನ್ನು ಹಿಡಿದು ಬೇರೆಂದು ಕರೆದ.

ಹಟ್ಟಿಯ ಚಿನ್ನದ ಗಣಿಯಲ್ಲಿ ಇದೇ ಮಾತಿಗೆ ಅಂಕಿಯ ಬಲ ಸಿಗುತ್ತದೆ. ಹಳೆಯ ಕಾಲದ ಗಣಿಗಾರರು ಅಲ್ಲಿ 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಅವರು ಬಿಟ್ಟುಹೋದ ಮರದ ತುಂಡುಗಳ ಇಂಗಾಲವನ್ನು ಅಳೆದಾಗ ವಯಸ್ಸು ಸುಮಾರು 2000 ವರ್ಷ ಎಂದು ಬಂತು. ಕತ್ತಲಲ್ಲಿ, ಹೂತ ಗುಂಡಿಯಲ್ಲಿ, ಒಂದು ಜೀವವೂ ನೋಡದೆ, ಆ ಮರದೊಳಗಿನ ವಿಕಿರಣಶೀಲ ಇಂಗಾಲ ಸುಮಾರು 5730 ವರ್ಷಕ್ಕೆ ಅರ್ಧವಾಗುವ ತನ್ನ ಲೆಕ್ಕದಲ್ಲಿ ಕರಗುತ್ತಲೇ ಇತ್ತು. ಅಳೆದವರಿಗೆ ಕಂಡದ್ದು ಕೊನೆಯ ಒಂದು ಸ್ಥಿತಿ ಮಾತ್ರ. ಆ ಸ್ಥಿತಿಗೆ ಅರ್ಥ ಬರುವುದು ಕಾಣದ ಎರಡು ಸಾವಿರ ವರ್ಷಗಳಿಂದ. ಹಟ್ಟಿ-ಮಸ್ಕಿ ಶಿಲಾಪಟ್ಟಿಯಂತೂ 250 ಕೋಟಿ ವರ್ಷಕ್ಕೂ ಹಳೆಯದು. ಆಗ ನೋಡುವ ಕಣ್ಣು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಫ್ರಾನ್ಸಿನ ಮೇಯಾಸು 2006ರ ತನ್ನ ಪುಸ್ತಕದಲ್ಲಿ, ಎಲ್ಲವನ್ನೂ ಮನಸ್ಸಿನೊಡನೆ ಕಟ್ಟಿಹಾಕುವ ತತ್ತ್ವಜ್ಞಾನ ಇಂಥ ಕಲ್ಲುಗಳ ಬಗ್ಗೆ ಏನು ಹೇಳೀತು ಎಂದು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಸಂಶಯವಾದಿಗೆ ಒಂದು ಕೊನೆಯ ಕೋಟೆ ಉಳಿದಿದೆ. ಜಗತ್ತು ಐದು ನಿಮಿಷದ ಹಿಂದೆ, ಸವೆದ ಕಲ್ಲು, ಹಳೆಯ ಮರ, ಹಳೆಯ ನೆನಪುಗಳ ಸಮೇತ ಹುಟ್ಟಿದ್ದರೆ? 1921ರಲ್ಲಿ ರಸೆಲ್ ಎತ್ತಿದ ಪ್ರಶ್ನೆ ಇದು. ತರ್ಕದಿಂದ ಇದನ್ನು ಒಡೆಯಲಾಗದು ಎಂದು ಒಪ್ಪಬೇಕು. ಆದರೆ ಈ ಊಹೆ ತನ್ನದಾಗಿ ಏನನ್ನೂ ವಿವರಿಸುವುದಿಲ್ಲ. ಮರದಲ್ಲಿ ಇಷ್ಟೇ ಇಂಗಾಲ ಏಕೆ ಉಳಿಯಿತು ಎಂದು ಕೇಳಿದರೆ, ಎರಡು ಸಾವಿರ ವರ್ಷ ಇದ್ದಿದ್ದರೆ ಎಷ್ಟಿರುತ್ತಿತ್ತೋ ಅಷ್ಟೇ ಇದೆ ಎನ್ನಬೇಕಾಗುತ್ತದೆ. ತಾನು ಅಲ್ಲಗಳೆಯುವ ಕಥೆಯಿಂದಲೇ ಪ್ರತಿ ಅಂಕಿಯನ್ನೂ ಸಾಲ ಪಡೆಯುವ ಊಹೆ ಆ ಕಥೆಗೆ ಎದುರಾಳಿಯಾಗಲಾರದು. ಇಂಥ ಕಡೆ ಮೀಮಾಂಸಕರ ಮತ್ತು ದ್ವೈತಿಗಳ ಸ್ವತಃಪ್ರಾಮಾಣ್ಯದ ನಿಲುವು ಸರಿ ಎನಿಸುತ್ತದೆ: ಅರಿವು ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ, ಅದನ್ನು ಕೆಡವಲು ಬರುವವನು ದೋಷವನ್ನು ತೋರಿಸಬೇಕು. ದೋಷವಿರಬಹುದು ಎಂದಷ್ಟೇ ಹೇಳಿದರೆ ಸಾಲದು. ಸ್ಕಾಟ್ಲೆಂಡಿನ ಥಾಮಸ್ ರೀಡ್ ಹ್ಯೂಮನಿಗೆ ಕೊಟ್ಟ ಉತ್ತರವೂ ಇದಕ್ಕೆ ಹತ್ತಿರ.

ಮನಶ್ಶಾಸ್ತ್ರ ಮತ್ತು ಭೌತಶಾಸ್ತ್ರದ ಸಾಕ್ಷ್ಯಗಳಿಗೆ ಹೆಚ್ಚು ಜಾಗ ಬೇಕಾಗಿಲ್ಲ. ಮುಚ್ಚಿಟ್ಟ ಆಟಿಕೆಯನ್ನು ಕೂಸು ಸುಮಾರು ಎಂಟು-ಒಂಬತ್ತನೇ ತಿಂಗಳಲ್ಲಿ ಹುಡುಕತೊಡಗುತ್ತದೆ ಎಂದು ಪಿಯಾಜೆ ಕಂಡ. 1985ರಲ್ಲಿ ಬೈಯಾರ್ಜನ್ ಮತ್ತು ಜೊತೆಗಾರರು ಐದು ತಿಂಗಳ ಕೂಸುಗಳೂ ಮರೆಯಾದ ವಸ್ತು ಅಲ್ಲೇ ಇದೆ ಎಂಬಂತೆ ನೋಡುತ್ತವೆ ಎಂದು ತೋರಿಸಿದರು. ನಂಬಿಕೆ ಎಷ್ಟು ಬೇಗ ಬೇರೂರುತ್ತದೆ ಎಂದು ಇದರಿಂದ ತಿಳಿಯುತ್ತದೆ, ಅದು ಸರಿಯೇ ಎಂದಲ್ಲ. ಇನ್ನು ಕ್ವಾಂಟಂ ಭೌತಶಾಸ್ತ್ರವನ್ನು ಹಿಡಿದು, ನೋಡದಿದ್ದರೆ ಚಂದ್ರನೂ ಇಲ್ಲ ಎನ್ನುವವರಿದ್ದಾರೆ. 2022ರ ನೊಬೆಲ್ ಪಡೆದ ಪ್ರಯೋಗಗಳು ಅಳೆಯುವ ಮೊದಲೇ ಕಣದ ಪ್ರತಿ ಗುಣವೂ ಸ್ಥಳೀಯವಾಗಿ ನಿಗದಿಯಾಗಿರುತ್ತದೆ ಎಂಬ ಚಿತ್ರವನ್ನು ಮುರಿದವು. ಅಲ್ಲಿ ಅಳೆಯುವುದು ಯಂತ್ರ; ಮನುಷ್ಯನ ಅರಿವು ಅದಕ್ಕೆ ಬೇಕೇಬೇಕೆಂದು ಆ ಪ್ರಯೋಗಗಳು ಹೇಳಿಲ್ಲ. ಜೋಳದ ಚೀಲ, ಬಂಡೆ, ಕಾಲುವೆಯ ನೀರಿನ ವಿಷಯದಲ್ಲಿ ಅವುಗಳಿಂದ ಏನೂ ಬದಲಾಗುವುದಿಲ್ಲ.

ನಿಜವಾಗಿ ತೆರೆದೇ ಇರುವ ಪ್ರಶ್ನೆ ಬೇರೆ: ವಸ್ತು ಉಳಿಯುತ್ತದೆ ಸರಿ, ಅದರಲ್ಲಿ ಏನೇನು ಉಳಿಯುತ್ತದೆ? ಆಕಾರ, ತೂಕ, ಇನ್ನೊಂದರ ಮೇಲೆ ಕೆಲಸ ಮಾಡುವ ಬಲ ಉಳಿಯುತ್ತವೆ ಎಂಬುದಕ್ಕೆ ಮೇಲಿನ ವಾದ ಸಾಕು; ಸವೆಯಲು, ಹರಿಯಲು, ಕರಗಲು ಅವೇ ಬೇಕು. ಬಣ್ಣ, ವಾಸನೆ, ರುಚಿಗಳು? ಲಾಕ್ ಇವನ್ನು ನೋಡುವವನ ಕಡೆಗೆ ತಳ್ಳಿದ. ನೈಯಾಯಿಕರು ಮಣ್ಣಿನ ರೂಪ, ಗಂಧಗಳನ್ನು ಮಣ್ಣಿನಲ್ಲೇ ಇಟ್ಟರು. ನನಗೆ ಇಬ್ಬರೂ ಅರ್ಧರ್ಧ ಸರಿ ಎನಿಸುತ್ತದೆ. ಯಾಪಲದಿನ್ನಿಯಿಂದ ದೇವದುರ್ಗದವರೆಗಿನ ಎರಿ ಹೊಲಗಳನ್ನು ತೆಗೆದುಕೊಳ್ಳಿ. ಹತ್ತಿ ಬಿಡಿಸಿ ಮುಗಿದು, ಜನ ಗುಳೆ ಹೋದ ಬೇಸಿಗೆಯ ನಡುಹಗಲಲ್ಲಿ ಆ ಹೊಲಗಳಲ್ಲಿ ಒಬ್ಬರೂ ಇರುವುದಿಲ್ಲ. ಆಗಲೂ ಕರಿಮಣ್ಣು ಬಿಳಿಮಣ್ಣಿಗಿಂತ ಹೆಚ್ಚು ಬಿಸಿಲನ್ನು ಹೀರುತ್ತದೆ, ಹೆಚ್ಚು ಕಾಯುತ್ತದೆ, ಒಣಗಿ ಬಿರಿಯುತ್ತದೆ. ಬೆಳಕನ್ನು ಹೀರುವ ಆ ಗುಣ ಕಣ್ಣಿಲ್ಲದೆಯೂ ದುಡಿಯುತ್ತಿದೆ, ಆದ್ದರಿಂದ ಅದು ಮಣ್ಣಿನದು. ನಮಗೆ ಕಪ್ಪಾಗಿ ತೋರುವ ಆ ತೋರಿಕೆ ಮಣ್ಣಿನ ಯಾವ ಕೆಲಸಕ್ಕೂ ಬೇಕಾಗಿಲ್ಲ, ಹಾಗಾಗಿ ಅದೂ ಅಲ್ಲಿ ಉಳಿಯುತ್ತದೆ ಎನ್ನಲು ಈ ವಾದದಿಂದ ಕಾರಣ ಸಿಗದು. ನೈಯಾಯಿಕರು ಅದನ್ನೂ ಮಣ್ಣಿಗೇ ಸೇರಿಸಬೇಕಾದರೆ ಇನ್ನೊಂದು ವಾದವನ್ನು ತರಬೇಕು.